ಹಿನ್ನೀರಿನ ದೋಣಿ, ಬಟವಾಡೆಯ ದುಡ್ಡು: ಒಂದು ಆಪ್ತಸಲಹೆ ಪ್ರಕರಣ

(ದಂಪತಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕುಟುಂಬದ ವಿವರಗಳನ್ನೂ ಮೊತ್ತಗಳನ್ನೂ ತುಸು ಬದಲಿಸಿದ್ದೇವೆ.)

ಮೊದಲು ಫೋನ್ ಮಾಡಿದವರು ಹೆಂಡತಿ. "ಮೇಡಂ, ಇವರಿಗೆ ದೋಣಿ ಹುಚ್ಚು ಹಿಡಿದಿದೆ, ಬಿಡಿಸಿಕೊಡಬೇಕು" ಎಂದರು. ಬಂದ ದಿನ ಗಂಡ ಕುರ್ಚಿಯ ತುದಿಯಲ್ಲಿ ಕೂತು, "ಕುಡಿಯಲ್ಲ, ಇಸ್ಪೀಟಾಡಲ್ಲ. ಇಷ್ಟು ವರ್ಷ ದುಡಿದವನಿಗೆ ಇದೊಂದು ಬೇಡವಾ?" ಎಂದು ಕೇಳಿದರು. ಗಂಡನಿಗೆ 54, ಹೆಂಡತಿಗೆ 48. ಕೊಡಗಿನ ಹಾರಂಗಿ ಜಲಾಶಯದ ಹಿನ್ನೀರಿಗೆ ಅಂಟಿಕೊಂಡಂತೆ ಕಾಫಿ ತೋಟ, ಮಗ ಬೆಂಗಳೂರಿನಲ್ಲಿ. ಮೂರು ವರ್ಷದ ಹಿಂದೆ 16 ಅಡಿಯ ಹಳೆಯ ಫೈಬರ್ ದೋಣಿ, ಅದರ ಹಿಂಬದಿಗೆ ಹೊರಗಿನಿಂದ ಕೂರಿಸುವ 40 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಎಳೆಯಲು ಟ್ರೈಲರ್, ಎಲ್ಲ ಸೇರಿ 4,50,000 ರೂಪಾಯಿಗೆ ಕೊಂಡಿದ್ದರು.

ಇದು ಚಟವೇ ಎಂಬುದನ್ನು ಮೊದಲು ನೋಡಬೇಕಿತ್ತು. ಖರ್ಚು ಏರುತ್ತಲೇ ಹೋಗುವುದು, ಕೆಲಸ ಕೆಡುವುದು, ಬಿಡಲು ಹೊರಟರೆ ಚಡಪಡಿಸುವುದು, ಮುಚ್ಚಿಡುವುದು: ಈ ನಾಲ್ಕರಲ್ಲಿ ಕಂಡದ್ದು ಕೊನೆಯದೊಂದೇ. ತೋಟ ಚೆನ್ನಾಗಿಯೇ ಇತ್ತು. ಹಾಗಾಗಿ "ಹುಚ್ಚು" ಎಂಬ ಪದವನ್ನು ಪಕ್ಕಕ್ಕಿಟ್ಟು, ಮುಚ್ಚಿಟ್ಟದ್ದು ಏನು, ಏಕೆ ಎಂಬುದರ ಮೇಲೆ ಗಮನ ಇಟ್ಟೆವು.

ಎರಡನೇ ಭೇಟಿಗೆ ಬರುವಾಗ ದೋಣಿಯದೇ ಒಂದು ಬಿಡಿಭಾಗ ತನ್ನಿ ಎಂದು ಗಂಡನಿಗೆ ಹೇಳಿದ್ದೆವು. ಪ್ಲಾಸ್ಟಿಕ್ ಚೀಲದಿಂದ ಅವರು ತೆಗೆದಿಟ್ಟದ್ದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಕಪ್ಪು ರಬ್ಬರ್ ಚಕ್ರ. ಆರು ರೆಕ್ಕೆ, ಎರಡು ಬುಡದಲ್ಲೇ ಕಿತ್ತಿದ್ದವು, ಉಳಿದವು ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದ್ದವು. ಇಂಪೆಲ್ಲರ್. ಎಂಜಿನ್ನನ್ನು ತಂಪಾಗಿಡುವ ನೀರನ್ನು ಕೆಳಗಿನಿಂದ ಮೇಲಕ್ಕೆ ತಳ್ಳುವುದು ಇದೇ. ಇದಕ್ಕೆ ಜಾರುವಿಕೆ ಕೊಡುವುದೂ ಆ ನೀರೇ. ಒಣಗಿದ್ದಾಗ ಓಡಿಸಿದರೆ ಸ್ವಲ್ಪ ಹೊತ್ತಿಗೇ ರಬ್ಬರ್ ಉಜ್ಜಿ, ಕಾದು, ರೆಕ್ಕೆ ಕಿತ್ತುಹೋಗುತ್ತದೆ. ಕಿತ್ತ ಚೂರು ನೀರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಯುಗಾದಿಗೆ ಬಂದ ನೆಂಟರಿಗೆ ಶಬ್ದ ಕೇಳಿಸಲು, ಶೆಡ್‌ನಲ್ಲಿ ಟ್ರೈಲರ್ ಮೇಲೆಯೇ ಎರಡು ನಿಮಿಷ ಎಂಜಿನ್ ಓಡಿಸಿದ್ದರು. ಮತ್ತೆ ನೀರಿಗೆ ಇಳಿಸಿದ್ದು ಆಗಸ್ಟ್ ಕೊನೆಗೆ. ಎಂಜಿನ್ ಹಿಂಬದಿಯಲ್ಲಿ ಪಿಚಕಾರಿಯಂತೆ ಹಾರಬೇಕಾದ ತೆಳು ನೀರಿನ ಎಳೆ ಸೊರಗಿತ್ತು. ಕುಂಬಾರ ಕಣಜ ತೂತಿಗೆ ಮಣ್ಣು ಮೆತ್ತಿರಬೇಕು ಎಂದು ತಂತಿ ಹಾಕಿ ಕೆದಕಿ ಸುಮ್ಮನಾದರು. ಅದೂ ನಿಜಕ್ಕೆ ಆಗುವಂಥದ್ದೇ, ಆದರೆ ಈ ಸಲ ಕಾರಣ ಅದಲ್ಲ. ದಸರಾ ರಜೆಗೆ ಬಂದ ಮಗನನ್ನು ಕೂರಿಸಿಕೊಂಡು ಹೋದ ದಿನ ಎಂಜಿನ್ ಕಾದು, ಪಿಸ್ಟನ್ ಗೀರಿ, ನಡುನೀರಿನಲ್ಲಿ ನಿಂತಿತು. ರಿಪೇರಿಗೆ 62,000. ಆ ದುಡ್ಡು ಬಂದದ್ದು ಕಾಫಿ ಕುಯ್ಲಿನ ಬಟವಾಡೆಗೆ, ಎಂದರೆ ಆಳುಗಳ ಕೂಲಿಗೆ, ತೆಗೆದಿಟ್ಟ ಖಾತೆಯಿಂದ. ಡಿಸೆಂಬರಿನ ಒಂದು ಶನಿವಾರ ಆಳುಗಳು ಕಣದ ಹತ್ತಿರ ಕೂಲಿಗೆ ಕಾದು ನಿಂತಾಗ ಹೆಂಡತಿಗೆ ವಿಷಯ ಗೊತ್ತಾಯಿತು.

ಆ ಚಕ್ರವನ್ನು ತಿರುಗಿಸಿ ನೋಡುತ್ತಾ ಹೆಂಡತಿ ಮೆಲ್ಲಗೆ ಹೇಳಿದರು: "ದುಡ್ಡು ಹೋಗಿದ್ದಕ್ಕಲ್ಲಾರೀ. ಕೂಲಿ ಕೊಡೋಕೆ ಅಣ್ಣನ ಮುಂದೆ ಹೋಗಿ ಕೈ ಚಾಚಿದೆನಲ್ಲ, ಅದಕ್ಕೆ. ಕೆಟ್ಟಿದೆ ಅಂತ ಅವತ್ತೇ ಹೇಳಿದ್ರೆ ನಾನೇನು ಹೊಡೀತಿದ್ನಾ?" ಗಂಡನ ಬಳಿ ಉತ್ತರ ಇರಲಿಲ್ಲ. ಎರಡು ನಿಮಿಷದ ತಪ್ಪನ್ನು ಒಪ್ಪಿಕೊಳ್ಳಲು ಆಗದೆ ಎಂಟು ತಿಂಗಳು ಹೊತ್ತಿದ್ದರು. ಜಗಳ ದೋಣಿಯದಾಗಿತ್ತು, ನೋವು ಈ ಮೌನದ್ದು. ಹಾಗೆಂದು ದೋಣಿಯ ಲೆಕ್ಕವನ್ನು ಬಿಟ್ಟು ಬರೀ ಮನಸ್ಸಿನ ಮಾತಾಡಿದ್ದರೆ ಮುಂದಿನ ವರ್ಷ ಇದೇ ಮೌನ ಇನ್ನೊಂದು ಬಿಲ್ಲಿಗೆ ಮರಳುತ್ತಿತ್ತು.

ಲೆಕ್ಕಕ್ಕೆ ಮುಂಚೆ ದೋಣಿ ಕೊಡುವ ಸಂತೋಷವನ್ನು ಬರೆಸಿದೆವು. ಈ ಕ್ರಮ ನಮಗೆ ಮುಖ್ಯ. ಖರ್ಚಿನಿಂದ ಶುರು ಮಾಡಿದರೆ ದೋಣಿ ಇಟ್ಟುಕೊಂಡವರು ತಪ್ಪಿತಸ್ಥರಂತೆ ಕೂರುತ್ತಾರೆ, ಆಮೇಲೆ ಹೇಳುವುದೆಲ್ಲ ವಕಾಲತ್ತು. "ಖುಷಿ ಆಗುತ್ತೆ" ಎಂದರೆ ಸಾಲದು. ಯಾವ ತಿಂಗಳು, ಎಷ್ಟು ಗಂಟೆಗೆ, ಪಕ್ಕದಲ್ಲಿ ಯಾರು, ಎಂಜಿನ್ ಓಡುತ್ತಿತ್ತೋ ನಿಂತಿತ್ತೋ. ಗಂಡ ಬರೆದದ್ದು ಹೀಗೆ. ಡಿಸೆಂಬರ್, ಬೆಳಗ್ಗೆ ಆರೂವರೆ, ನೀರಿನ ಮೇಲೆ ಮಂಜು. ನಡುವೆ ಹೋಗಿ ಎಂಜಿನ್ ಆರಿಸಿದರೆ ಮುಳುಗಿದ ಮರದ ಬೊಡ್ಡೆಯ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿರುತ್ತದೆ, ಫೋನಿಗೆ ಸಿಗ್ನಲ್ ಇಲ್ಲ, ಸಾವ್ಕಾರ್ರೇ ಎಂದು ಯಾರೂ ಕರೆಯುವುದಿಲ್ಲ. ಎರಡನೆಯದು, ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸಿದ ಮೇಲೆ ಎಂಜಿನ್ ಒಂದೇ ಎಳೆತಕ್ಕೆ ಹತ್ತಿಕೊಳ್ಳುವುದು. ಮೂರನೆಯದು, ಮಗ ಸ್ಟೇರಿಂಗ್ ಹಿಡಿದಿರುವುದು. ವೇಗದ ಸುದ್ದಿಯೇ ಇರಲಿಲ್ಲ. ಅದನ್ನು ತೋರಿಸಿದಾಗ ಅವರಿಗೇ ಅಚ್ಚರಿ. 40 ಎಚ್‌ಪಿ ಕೊಂಡವರು ಅತಿ ಹೆಚ್ಚು ಇಷ್ಟಪಟ್ಟದ್ದು ಎಂಜಿನ್ ನಿಂತ ಹೊತ್ತನ್ನು.

ಇನ್ನೊಂದು ಸಂಗತಿ ಕ್ಯಾಲೆಂಡರ್ ಹರಡಿದಾಗ ಕಂಡಿತು. ಹಾರಂಗಿ ಮುಂಗಾರಿನಲ್ಲಿ ತುಂಬುತ್ತದೆ, ಆದರೆ ಆಗ ಮಳೆ, ಗಾಳಿ, ತೇಲಿ ಬರುವ ದಿಮ್ಮಿ. ನೀರು ಶಾಂತವಾಗಿ, ಆಳವಾಗಿ ಇರುವುದು ಅಕ್ಟೋಬರಿನಿಂದ ಜನವರಿವರೆಗೆ. ಅದೇ ಹೊತ್ತಿಗೆ ಅರೇಬಿಕ ಕುಯ್ಲು, ಅದರ ಬೆನ್ನಿಗೆ ರೊಬಸ್ಟಾ. ಕುಯ್ಲು ಮುಗಿಸಿ, ಕಾಫಿ ಹೂ ಅರಳಿಸುವ ಹೂಮಳೆ ಕಾಯುತ್ತಾ ಸ್ಪ್ರಿಂಕ್ಲರ್ ಹಾಕಿ ಕೈ ಬಿಡುವಾಗುವಷ್ಟರಲ್ಲಿ ನಾಲೆಗೆ ಬಿಟ್ಟು ನೀರು ಇಳಿದು, ಬೊಡ್ಡೆಗಳು ಪ್ರೊಪೆಲ್ಲರಿನ ಮಟ್ಟಕ್ಕೆ ಬಂದಿರುತ್ತವೆ. ಕಾಫಿ ಬೆಳೆಗಾರನ ಬಿಡುವೂ ಹಿನ್ನೀರಿನ ಒಳ್ಳೆಯ ದಿನಗಳೂ ಒಂದನ್ನೊಂದು ತಪ್ಪಿಸಿಕೊಂಡೇ ಓಡಾಡುತ್ತವೆ. ಕೊಡಗಿನಲ್ಲಿ ದೋಣಿ ಕೊಳ್ಳಲು ಹೊರಟವರು ಎಂಜಿನ್ನಿಗಿಂತ ಮೊದಲು ನೋಡಬೇಕಾದದ್ದು ಇದನ್ನು. ದೋಣಿಗೆಂದು ಇವರು ಬರೆದಿಡುವ ಪುಸ್ತಕದ ಪ್ರಕಾರ ದೋಣಿ ನೀರಿನಲ್ಲಿದ್ದದ್ದು ಮೊದಲ ವರ್ಷ 27 ಗಂಟೆ, ಎರಡನೇ ವರ್ಷ 22, ಮೂರನೇ ವರ್ಷ 12. ಒಟ್ಟು 61.

ಮೂರನೇ ಭೇಟಿಯಲ್ಲಿ ಹೆಂಡತಿ ಕೂಡಿಸಿದರು, ಗಂಡ ಓದಿ ಹೇಳಿದರು. ಪೆಟ್ರೋಲ್, ಅದಕ್ಕೆ ಬೆರೆಸುವ ಟೂ-ಟಿ ಆಯಿಲ್ 61,000. ಈ ಎಂಜಿನ್ ಪೂರ್ತಿ ಎಳೆದರೆ ಗಂಟೆಗೆ 15 ಲೀಟರ್ ದಾಟುತ್ತದೆ, ಸರಾಸರಿ 9 ಲೀಟರ್ ಬಿದ್ದಿತ್ತು. 50 ಲೀಟರಿಗೆ 1 ಲೀಟರ್ ಆಯಿಲ್. ಸರ್ವಿಸ್ ಮತ್ತು ಸಣ್ಣ ಭಾಗ 41,000. ಪಿಸ್ಟನ್ ರಿಪೇರಿ 62,000. ಎರಡು ಬ್ಯಾಟರಿ 13,000. ಟ್ರೈಲರ್ 18,000. ವಿಮೆ 6,000, ಅದೂ ಒಂದೇ ವರ್ಷ ಕಟ್ಟಿದ್ದು. ಇಷ್ಟಕ್ಕೆ 2,01,000. ಶೆಡ್‌ಗೆ 60,000. ಕೊಂಡ ಬೆಲೆಗೂ ಈಗ ಕೇಳುತ್ತಿರುವ 2,40,000ಕ್ಕೂ ಇರುವ ಅಂತರ 2,10,000. ಎಲ್ಲ ಸೇರಿ 4,71,000. ಗಂಟೆಗೆ ಸುಮಾರು 7,700 ರೂಪಾಯಿ.

ಟ್ರೈಲರಿನ 18,000 ಏಕೆ ಎಂದು ಹೆಂಡತಿ ಕೇಳಿದರು. ಜುಲೈಯಲ್ಲಿ ಶೆಡ್‌ನ ಟಾರ್ಪಾಲ್ ಹರಿದಿತ್ತು, ಮಳೆನೀರು ಹರಿದುಹೋಗಲು ತೆಗೆದಿಡಬೇಕಾದ ದೋಣಿಯ ತಳದ ಬಿರಡೆ ಹಾಕಿಯೇ ಇತ್ತು. ತೆರೆದ ಭಾಗ ಸುಮಾರು 7 ಚದರ ಮೀಟರ್. 100 ಮಿಲಿಮೀಟರ್ ಮಳೆ ಬಿದ್ದರೆ 700 ಲೀಟರ್, ಎಂದರೆ 700 ಕಿಲೋ. ಆ ತಿಂಗಳಲ್ಲಿ ಅಷ್ಟು ಮಳೆ ಒಂದೇ ದಿನ ಬೀಳುವುದು ಕೊಡಗಿನವರಿಗೆ ಹೊಸದಲ್ಲ. ಎರಡು ದಿನಕ್ಕೆ ಟ್ರೈಲರಿನ ಸ್ಪ್ರಿಂಗ್ ಪಟ್ಟಿ ಮುರಿದು ಅಚ್ಚು ಬಾಗಿತು. ಹೆಬ್ಬೆರಳು ಗಾತ್ರದ ಒಂದು ಬಿರಡೆ.

7,700 ಎಂಬ ಅಂಕಿ ಕೇಳಿ ಗಂಡ, "ಹಾಕಿದ್ದು ಹಾಕಿಯಾಯ್ತು, ಈಗ ಮಾರಿದರೆ ಪೂರಾ ನಷ್ಟ" ಎಂದರು. ಈ ಮಾತನ್ನು ನಾವು ಒಪ್ಪಲಿಲ್ಲ. ಹೋದದ್ದು ಮಾರಿದರೂ ಹೋಯಿತು, ಇಟ್ಟರೂ ಹೋಯಿತು. ಕೇಳಿಕೊಳ್ಳಬೇಕಾದದ್ದು ಒಂದೇ: ಇವತ್ತು ದೋಣಿ ಇಲ್ಲ, ಕೈಯಲ್ಲಿ 2,40,000 ಇದೆ, ಇದೇ ದೋಣಿಯನ್ನು ಮತ್ತೆ ಕೊಳ್ಳುತ್ತೀರಾ? ಅವರು ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ದೊಡ್ಡದು ಕೊಳ್ಳಲ್ಲ" ಎಂದರು. ಹಾಗೆಂದು ಕೂಡಲೇ ಮಾರಿ ಎಂದು ನಾವು ಹೇಳಲಿಲ್ಲ. ಬೇಸರದಲ್ಲಿ ಮಾರಿದ ವಸ್ತು ಮನೆಯಲ್ಲಿ ವರ್ಷಗಟ್ಟಲೆ ಮಾತಾಗಿ ಉಳಿಯುತ್ತದೆ.

ಕೊಟ್ಟ ಸಲಹೆ

ದೋಣಿಗೆ ಬೇರೆ ಖಾತೆ, ವರ್ಷಕ್ಕೆ 60,000 ಮಿತಿ: 20 ಗಂಟೆಯ ಇಂಧನಕ್ಕೆ 20,000, ಸರ್ವಿಸ್‌ಗೆ 14,000, ವಿಮೆಗೆ 6,000, ಬ್ಯಾಟರಿ ಮತ್ತು ಟ್ರೈಲರಿಗೆ 8,000, ಅನಿರೀಕ್ಷಿತಕ್ಕೆ 12,000. ಬಟವಾಡೆ ಖಾತೆಯಿಂದ ಹಣ ತೆಗೆಯಲು ಇಬ್ಬರ ಸಹಿ. ಏನಾದರೂ ಕೆಟ್ಟರೆ ಅದೇ ದಿನ ರಾತ್ರಿ ಊಟದೊಳಗೆ ಹೇಳಬೇಕು. ಕೇಳುವವರು ಆ ರಾತ್ರಿ "ನಾನು ಮೊದಲೇ ಹೇಳಿದ್ದೆ" ಎನ್ನಬಾರದು, ಮಾತು ಮರುದಿನ ಬೆಳಗ್ಗೆ. ಈ ಎರಡನೇ ಭಾಗವಿಲ್ಲದೆ ಮೊದಲನೆಯದು ನಿಲ್ಲುವುದಿಲ್ಲ, ಅದನ್ನು ಹೆಂಡತಿಗೆ ಒತ್ತಿ ಹೇಳಿದೆವು. ಮುಂದಿನ ಒಂದು ವರ್ಷ 20 ಗಂಟೆಗಿಂತ ಕಡಿಮೆ ಓಡಿದರೆ ಮಾರುವ ಮಾತನ್ನು ಗಂಡನೇ ಎತ್ತುವುದು ಎಂದೂ ಬರೆದುಕೊಂಡರು.

ಕಾಗದಪತ್ರದಲ್ಲಿ ಮಾತ್ರ ನಾವು ರಾಜಿಗೆ ಎಡೆ ಕೊಡಲಿಲ್ಲ. ಹಿನ್ನೀರಿನ ಪಕ್ಕ ತೋಟ ಇದ್ದ ಮಾತ್ರಕ್ಕೆ ನೀರಿನ ಮೇಲೆ ಹಕ್ಕು ಬರುವುದಿಲ್ಲ. ಜಲಾಶಯ ಕಾವೇರಿ ನೀರಾವರಿ ನಿಗಮದ್ದು. ಇವರ ಬಳಿ ಇದ್ದದ್ದು ಬಾಯಿಮಾತಿನ "ಆಯ್ತು". ಯಂತ್ರದ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ನೋಂದಣಿ, ತಪಾಸಣೆ, ವಿಮೆ ಬೇಕು. ಇವರದ್ದು ಇನ್ನೂ ಹಿಂದಿನ ಮಾಲೀಕರ ಹೆಸರಿನಲ್ಲಿತ್ತು. ಲಿಖಿತ ಅನುಮತಿ ಕೈಗೆ ಬರುವವರೆಗೆ ದೋಣಿ ಇಳಿಸಬೇಡಿ ಎಂದೆವು.

ಹೆಂಡತಿಯ ಹೆದರಿಕೆ ನಾಲ್ಕನೇ ಭೇಟಿಯಲ್ಲಿ ಹೊರಬಂತು. ಈಜು ಬಾರದು. ಒಮ್ಮೆ ಕೂತಾಗ ಗಂಡ ತಮಾಷೆಗೆ ಗಕ್ಕನೆ ತಿರುಗಿಸಿದ್ದರು. ಲೈಫ್ ಜಾಕೆಟ್‌ನ ಬಕಲ್ ಹಾಕಿರಲಿಲ್ಲ. "ಇವರಿಗೇನಾದರೂ ಆದ್ರೆ ಸಾಲ ಎಷ್ಟಿದೆ ಅಂತಲೂ ನಂಗೊತ್ತಿಲ್ಲ" ಎಂದಾಗ ಗಂಡ ಮೊದಲ ಸಲ ತಲೆ ಎತ್ತಿ ಅವರನ್ನೇ ನೋಡಿದರು. ದಡ ಬಿಡುವ ಮುಂಚೆ ಎಲ್ಲರ ಬಕಲ್. ಕಾಲಿನ ಸಂದಿಯ ಪಟ್ಟಿಯೂ ಬಿಗಿಯಾಗಿರಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಕಿವಿಗೆ ಏರಿ ತೊಟ್ಟವರು ಕೆಳಗೆ ಜಾರುತ್ತಾರೆ. ಓಡಿಸುವವರ ಮೈಗೆ, ಎಳೆದೊಡನೆ ಎಂಜಿನ್ ಆರಿಸುವ ಕಿಲ್ ಸ್ವಿಚ್‌ನ ಕೆಂಪು ಸುರುಳಿ ದಾರ ಕಟ್ಟಿರಲೇಬೇಕು. ಓಡಿಸುವವರು ಬಿದ್ದರೆ ಹಿಡಿತವಿಲ್ಲದ ದೋಣಿ ಒಂದೇ ಕಡೆ ಸುತ್ತು ಹಾಕುತ್ತಾ, ಪ್ರೊಪೆಲ್ಲರ್ ತಿರುಗಿಸಿಕೊಂಡೇ, ಬಿದ್ದವರ ಮೇಲೆಯೇ ಬರಬಹುದು. ಇವರ ಆ ದಾರ ಶೆಡ್‌ನ ಮೊಳೆಯಲ್ಲಿ ನೇತಾಡುತ್ತಿತ್ತು. ಸಾಲ, ವಿಮೆ, ಖಾತೆಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಹೆಂಡತಿಗೆ ಕೊಡಿ ಎಂದದ್ದೂ ಅದೇ ದಿನ.

ಮಳೆಗಾಲಕ್ಕೆ ಕಟ್ಟಿಡುವ ಕೆಲಸವನ್ನು ಮೇ ಕೊನೆಯ ಭಾನುವಾರಕ್ಕೆ ಗೊತ್ತು ಮಾಡಿ, ಇಬ್ಬರೂ ಸೇರಿ ಮಾಡಿ ಎಂದು ಸೂಚಿಸಿದೆವು. ಕ್ರಮ ಅವರ ಮೆಕ್ಯಾನಿಕ್ ಹೇಳಿಕೊಟ್ಟದ್ದು. ನೀರು ಎಳೆಯುವ ಕಿಂಡಿಗಳಿಗೆ ರಬ್ಬರ್ ಬಟ್ಟಲು ಕೂರಿಸಿ, ನಲ್ಲಿ ಪೈಪ್ ಬಿಟ್ಟು, ಆಮೇಲೆಯೇ ಎಂಜಿನ್ ಹಚ್ಚಬೇಕು. ಹತ್ತು ನಿಮಿಷದ ಮೇಲೆ ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಟ್ಟರೆ ಕಾರ್ಬುರೇಟರ್ ಒಣಗುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತೇವ ಹೀರುತ್ತದೆ, ಕೊಡಗಿನ ಮಳೆಗಾಲದಲ್ಲಿ ಟ್ಯಾಂಕಿನ ತಳಕ್ಕೆ ನೀರು ಕೂರುವುದು ಅದರಿಂದಲೇ. ಉಳಿದ ಮಿಶ್ರಣವನ್ನು, ಆಯಿಲ್ ಪ್ರಮಾಣ ಹೊಂದುವುದಾದರೆ, ಕಳೆ ಹೊಡೆಯುವ ಮಷಿನಿಗೆ ಖರ್ಚು ಮಾಡಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಟೂ-ಟಿ ಆಯಿಲ್ ಬಿಟ್ಟು ಕೈಯಿಂದ ಎರಡು ಸುತ್ತು. ಗೇರ್ ಆಯಿಲ್ ಇಳಿಸಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಸೀಲ್ ಹೋಗಿ ನೀರು ಸೇರಿದೆ ಎಂದು ಅರ್ಥ. ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ಮೀನಿನ ಗಾಳದ ದಾರವೇ ಹೆಚ್ಚಾಗಿ ಸೀಲ್ ಕೊಯ್ಯುತ್ತದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ, ಮೇಲಿನದರಲ್ಲಿ ಉಕ್ಕುವವರೆಗೆ ತುಂಬಬೇಕು. ಎಂಜಿನ್ ನೆಟ್ಟಗೆ, ದೋಣಿಯ ಮೂತಿ ಎತ್ತರಕ್ಕೆ, ಬಿರಡೆ ಹೊರಗೆ, ಬ್ಯಾಟರಿ ಮನೆಯೊಳಗೆ. ಟಾರ್ಪಾಲ್ ಕೆಳಗೆ ಗಾಳಿಯಾಡಲು ಜಾಗ ಬಿಡದಿದ್ದರೆ ಸೀಟಿಗೆ ಬೂಷ್ಟು ಹಿಡಿಯುತ್ತದೆ.

ಇಷ್ಟರ ಜೊತೆಗೆ ಒಂದು ಸಣ್ಣ ವ್ಯವಸ್ಥೆ. ಅನುಮತಿ ಬರುವವರೆಗೆ ಗಂಡ ವಾರಕ್ಕೆ ಮೂರು ಬೆಳಗ್ಗೆ ಆರೂವರೆಯಿಂದ ಏಳೂಕಾಲರವರೆಗೆ ಫೋನನ್ನು ಮನೆಯಲ್ಲಿಟ್ಟು ಹಿನ್ನೀರಿನ ದಡಕ್ಕೆ ಹೋಗುವುದು, ಆ ಹೊತ್ತಿನ ತೋಟದ ಕರೆಗಳನ್ನು ಹೆಂಡತಿ ನೋಡಿಕೊಳ್ಳುವುದು. ಅವರ ಪಟ್ಟಿಯ ಮೊದಲ ಸಂತೋಷಕ್ಕೆ ದೋಣಿ ಎಷ್ಟು ಬೇಕು, ಬಿಡುವು ಎಷ್ಟು ಬೇಕು ಎಂಬುದು ಇದರಿಂದ ತಿಳಿಯಬಹುದು ಎಂದುಕೊಂಡೆವು.

ಜೂನ್‌ನಲ್ಲಿ ಆರನೇ ಭೇಟಿಗೆ ಬಂದಾಗ ನಿಗಮಕ್ಕೆ ಕೊಟ್ಟ ಅರ್ಜಿಗೆ ಉತ್ತರ ಬಂದಿರಲಿಲ್ಲ, ದೋಣಿ ಟ್ರೈಲರ್ ಮೇಲೆಯೇ ಇತ್ತು. ಅಣ್ಣನ ಸಾಲ ತೀರಿತ್ತು. ದಡದ ಬೆಳಗುಗಳು ಒಳ್ಳೆಯವೇ ಆದರೂ "ನಡುನೀರಿನ ಹಾಗಲ್ಲ" ಎಂದು ಗಂಡ ಹೇಳಿದರು, ಹೆಂಡತಿ ಅದಕ್ಕೆ ಎದುರು ಹೇಳಲಿಲ್ಲ. ಅವರು ಇನ್ನೂ ದೋಣಿ ಹತ್ತಲು ತಯಾರಿಲ್ಲ, ನಾವೂ ಒತ್ತಾಯಿಸಿಲ್ಲ. ಪುಸ್ತಕ ತಂದಿದ್ದರು. ಮೇ 31ರ ಪುಟದಲ್ಲಿ ಗೇರ್ ಆಯಿಲ್, ಪ್ಲಗ್, ಬ್ಯಾಟರಿ ಎಂದು ಗಂಡನ ಕೈಬರಹ, ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ದುಂಡಗೆ: "ಬಿರಡೆ ತೆಗೆದಿದೆ. ನನ್ನ ಬೀಗದ ಕೈ ಗೊಂಚಲಿನಲ್ಲಿದೆ."