ಸ್ಟ್ರೋಕ್ ಆದವರಿಗೆ ವ್ಯಾಯಾಮದ ರಬ್ಬರ್ ಬ್ಯಾಂಡ್ ಎಳೆಸಿದರೆ ಕೈಕಾಲು ಇನ್ನೂ ಬಿಗಿಯಾಗುತ್ತಾ?

ಡೊಂಬಿವಲಿಯಲ್ಲಿರುವ ನಿಮ್ಮ ತಂದೆಯ ಬಗ್ಗೆ ಕೇಳಿದ್ದೀರಿ. ಆ ಭಯ ಬೇಡ. ಹಿಂದೆ ಚಿಕಿತ್ಸೆ ಕೊಡುವವರೂ ಹಾಗೇ ಅಂದುಕೊಂಡಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಬಲ ಹೆಚ್ಚಿತು, ಬಿಗಿತ ಜಾಸ್ತಿಯಾಗಲಿಲ್ಲ.

ಬಿಪಿ ಹತೋಟಿಯಲ್ಲಿದೆಯಾ ಅಂತ ಮೊದಲು ಡಾಕ್ಟರನ್ನು ಕೇಳಿ. ಬ್ಯಾಂಡ್‌ಗಿಂತ ಮುಂಚೆ ಕುರ್ಚಿಯಿಂದ ಎದ್ದು ಮತ್ತೆ ಕೂರುವುದನ್ನು ಮಾಡಿಸುವುದು ನನಗೆ ಇಷ್ಟ. ಎರಡೂ ಪಾದ ನೆಲಕ್ಕೆ ಊರಿರಲಿ, ಸೋತ ಕಾಲಿನ ಮೇಲೂ ಭಾರ ಬೀಳಲಿ. ಸುಮ್ನೆ ಗಟ್ಟಿ ಕಾಲಿನ ಮೇಲೇ ಎದ್ದರೆ ಲಾಭ ಕಡಿಮೆ, ಅಲ್ವಾ? ಒಂದು ಸುತ್ತಿನಲ್ಲಿ 10ರಿಂದ 15 ಸಲ, ವಾರಕ್ಕೆ 2–3 ದಿನ. ಸುಲಭ ಅನ್ನಿಸಿದಾಗ ತುಸು ತಗ್ಗಾದ ಕುರ್ಚಿ ಕೊಡಿ. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ, ಬಾಯಿಬಿಟ್ಟು ಎಣಿಸುತ್ತಾ ಮಾಡಲಿ. ಎಬ್ಬಿಸುವಾಗ ಸೋತ ಕೈಯನ್ನು ಎಳೆಯಲೇಬೇಡಿ, ಭುಜದ ಕೀಲು ಜಾರಬಹುದು.

ಮುಂಬೈಯ ಪರೇಲಿನಲ್ಲಿರುವ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗವಿದೆ, ಒಮ್ಮೆ ತೋರಿಸಿ.