ಹಕ್ಕಿ ಫೋಟೊ ಮಸುಕಾಗಿ ಬರ್ತಿದೆ, ಇಎಂಐನಲ್ಲಿ ದೊಡ್ಡ ಲೆನ್ಸ್ ತಗೊಳ್ಳಲಾ?

ಕ್ಯಾಮೆರಾ ಜೊತೆಗೇ ಬರೋ ಪುಟ್ಟ 18-55 ಕಿಟ್ ಲೆನ್ಸು, ಮಸುಕು ಹಕ್ಕಿ, ಇಎಂಐನಲ್ಲಿ ದೂರದ್ದನ್ನ ಹತ್ತಿರ ತೋರಿಸೋ 150-600 ಲೆನ್ಸು, ಮೇಲೊಂದು ಟ್ರೈಪಾಡು. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಎಂಟು ವರ್ಷದ ಹಿಂದಿನ ನಾನೇ ಕೂತು ಟೈಪ್ ಮಾಡಿದ ಹಾಗಿದೆ. ನಾನು ಯಾರನ್ನೂ ಕೇಳಲಿಲ್ಲ ಅನ್ನೋದೊಂದೇ ವ್ಯತ್ಯಾಸ. ಚೀಟಿ ಎತ್ತಿದ ದುಡ್ಡು ಕೈಯಲ್ಲಿತ್ತು, ಸೆಕೆಂಡ್ ಹ್ಯಾಂಡ್ 150-600 ತಗೊಂಡೇ ಬಿಟ್ಟೆ. ಮನೇಲಿ ರೇಟು ಅರ್ಧ ಮಾತ್ರ ಹೇಳಿದ್ದೆ.

ಮಾರ್ಚ್ ತಿಂಗಳು. ಶನಿವಾರ ಬಲಮುರಿಗೆ ಹೋಗಿದ್ದೆ. ಕಟ್ಟೆ ದಾಟಿ ಬೀಳೋ ಕಾವೇರಿ ನೀರನ್ನು ಹಾಲು ಸುರಿದ ಹಾಗೆ ತೆಗೀಬೇಕು ಅನ್ನೋ ಹುಚ್ಚು. ಅದಕ್ಕೆ ಶಟರ್, ಅಂದರೆ ಬೆಳಕು ಒಳಗೆ ಬಿಡೋ ಕದ, ನಿಧಾನ ಇರಬೇಕಲ್ವಾ, ಐಎಸ್‌ಓ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದನ್ನ, 100ಕ್ಕೆ ಇಳಿಸಿದೆ. ಆ ಕೆಲಸಕ್ಕೆ ಅದು ಸರಿ. ಮಾರನೇ ದಿನ ಬೆಳಗ್ಗೆ ಅದೇ ಕ್ಯಾಮೆರಾ ಹಿಡಿದು ರಂಗನತಿಟ್ಟಿನ ದೋಣಿ ಹತ್ತಿದೆ. ಐಎಸ್‌ಓ 100ರಲ್ಲೇ ಇತ್ತು. ಮರೆತಿದ್ದೆ ಅಂದರೆ ಅರ್ಧ ಸುಳ್ಳು. ಒಂದು ಸಲ ನೋಡಿದೆ, 'ಕಡಿಮೆ ಇದ್ದಷ್ಟೂ ಕ್ಲೀನಾಗಿ ಬರುತ್ತೆ' ಅಂತ ಯೂಟ್ಯೂಬಲ್ಲಿ ಯಾರೋ ಹೇಳಿದ್ದು ನೆನಪಾಯ್ತು, ಬಿಟ್ಟೆ.

ಮೋಡ ಮುಚ್ಚಿತ್ತು. ಒಂದು ಬಂಡೆ ಹತ್ತಿರ ಅಂಬಿಗ ಹುಟ್ಟು ನಿಲ್ಲಿಸಿ ಮೆಲ್ಲಗೆ "ಅಲ್ ನೋಡಿ ಸಾ" ಅಂದರು. ಬಂಡೆ ಮೇಲೆ ನದಿ ರೀವ ಕೂತಿತ್ತು. ರಿವರ್ ಟರ್ನ್ ಅಂತಾರಲ್ಲ, ಹಳದಿ ಕೊಕ್ಕು, ಕರಿ ಟೋಪಿ, ಅದೇ. ಗಂಡು ಎಲ್ಲಿಂದಲೋ ಬೆರಳುದ್ದದ ಮೀನು ಕಚ್ಕೊಂಡು ಬಂದು, ರೆಕ್ಕೆ ಬಡಿಯುತ್ತಲೇ ಹೆಣ್ಣಿನ ಬಾಯಿಗೆ ಕೊಟ್ಟಿತು. ಅವು ಜೋಡಿ ಕಟ್ಟೋ ಕಾಲದಲ್ಲಿ ಮಾಡೋ ಉಪಚಾರ ಅದು. ನಾನು ಬೆರಳು ಒತ್ತಿದವನು ಎತ್ತಲೇ ಇಲ್ಲ. ಕ್ಯಾಮೆರಾ ಹಿಂದಿನ ಪುಟ್ಟ ಸ್ಕ್ರೀನಲ್ಲಿ ಎಲ್ಲ ಚೆನ್ನಾಗೇ ಕಂಡಿತು. ಪುಟ್ಟ ಸ್ಕ್ರೀನಲ್ಲಿ ಎಲ್ಲಾನೂ ಚೆನ್ನಾಗೇ ಕಾಣುತ್ತೆ.

ರಾತ್ರಿ ಲ್ಯಾಪ್‌ಟಾಪಲ್ಲಿ ತೆರೆದರೆ ರೆಕ್ಕೆ ಹೊಗೆ ಥರ. ಮೀನು ಎರಡೆರಡು. ಬೇರೆ ಫೋಟೊಗಳಲ್ಲಿ ಹಾರೋ ಬಣ್ಣದ ಕೊಕ್ಕರೆಗಳೂ ಅಷ್ಟೇ. ಲೆನ್ಸ್ ಮಾರಿದವನು ಮೋಸ ಮಾಡಿದ ಅಂತ ನಿರ್ಧಾರ ಮಾಡಿ, ಎರಡೇ ತಿಂಗಳಲ್ಲಿ 18 ಸಾವಿರ ನಷ್ಟಕ್ಕೆ ಅದನ್ನು ಇನ್ನೊಬ್ಬರಿಗೆ ದಾಟಿಸಿದೆ. ಅವರಿಗೆ ಇವತ್ತಿಗೂ ಅದರಲ್ಲಿ ಒಳ್ಳೊಳ್ಳೆ ಫೋಟೊ ಬರ್ತಿವೆ, ನನಗೇ ಕಳಿಸ್ತಾರೆ.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಕೊರೀತೀನಿ, ತಡ್ಕೊಳ್ಳಿ. ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಮೋಡಲ್ಲಿ ನಾನು ಕಿಂಡಿ ಅಳತೆ ಎಫ್ 8 ಇಟ್ಟಿದ್ದೆ, ಐಎಸ್‌ಓ 100. ಉಳಿದದ್ದು ಕ್ಯಾಮೆರಾ ಪಾಲಿಗೆ. ಬೆಳಕು ಸಾಲದೆ ಅದು ಶಟರನ್ನು 1/125 ಸೆಕೆಂಡಿಗೆ ಇಳಿಸಿತ್ತು. ರೆಕ್ಕೆ ಬಡಿಯೋ ಹಕ್ಕಿಗೆ 1/125 ಏನೂ ಅಲ್ಲ, ಅಷ್ಟರಲ್ಲಿ ರೆಕ್ಕೆ ಎಷ್ಟೋ ದೂರ ಹೋಗಿರುತ್ತೆ. ಐಎಸ್‌ಓ 100ರಿಂದ 200, 400, 800, 1600, ಹೀಗೆ ನಾಲ್ಕು ಮೆಟ್ಟಿಲು ಹತ್ತಿಸಿದ್ದರೆ ಅದೇ ಬೆಳಕಲ್ಲಿ ಶಟರ್ 1/2000 ಸಿಗ್ತಿತ್ತು. ನಾಲ್ಕು ಮೆಟ್ಟಿಲು, ಹದಿನಾರು ಪಟ್ಟು. ಬದಲಿಗೆ ಫೋಟೊದಲ್ಲಿ ಮರಳು ಉದುರಿಸಿದ ಹಾಗೆ ಸ್ವಲ್ಪ ಕಾಳು ಕಾಳು ಬರ್ತಿತ್ತು. ಬರಲಿ! ಕಾಳನ್ನು ಆಮೇಲೆ ಸಾಫ್ಟ್‌ವೇರಲ್ಲಿ ತಗ್ಗಿಸಬಹುದು, ಅಳಿಸಿಹೋದ ರೆಕ್ಕೇನ ಯಾವನೂ ವಾಪಸ್ ತರೋಕಾಗಲ್ಲ.

ಲೆನ್ಸ್ ಮಾರೋ ಮುಂಚೆ ಫೋಟೊನ ಸರಿಯಾಗಿ ನೋಡಿದ್ದರೂ ಸಾಕಿತ್ತು. ಹಕ್ಕಿ ಕರಗಿದ್ದರೂ ಕಾಲ ಕೆಳಗಿನ ಬಂಡೆ ಮೇಲಿನ ಹಿಕ್ಕೆಯ ಚುಕ್ಕೆಗಳನ್ನು ಎಣಿಸಬಹುದಿತ್ತು! ಬಂಡೆ ಅಷ್ಟು ಚೂಪಾಗಿದೆ ಅಂದರೆ ಲೆನ್ಸೂ ಸರಿ, ಫೋಕಸ್ಸೂ ಸರಿ, ಕೈ ನಡುಗಿಲ್ಲ. ಓಡಿದ್ದು ಹಕ್ಕಿ ಮಾತ್ರ, ಅಂದರೆ ಶಟರ್ ಸಾಲಲಿಲ್ಲ. ನೀವೂ ಇವತ್ತೇ ನಿಮ್ಮ ಹಳೇ ಫೋಟೊಗಳನ್ನು ದೊಡ್ಡದು ಮಾಡಿ ನೋಡಿ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಹಕ್ಕಿ ಮಸುಕು, ಹಿಂದಿನ ಎಲೆ ಚೂಪು ಅಂದರೆ ಫೋಕಸ್ ಎಲೆಗೆ ಹೋಗಿದೆ. ಇವ್ಯಾವುದಕ್ಕೂ ಲಕ್ಷ ರೂಪಾಯಿ ಬೇಕಿಲ್ಲ.

ನನಗೆ ಇದನ್ನ ಹೇಳಿದ್ದು ಮಾರನೇ ವರ್ಷ ಕೊಕ್ಕರೆ ಬೆಳ್ಳೂರಲ್ಲಿ ಸಿಕ್ಕ ಒಬ್ಬರು ಹಿರಿಯರು. ನನ್ನ ಗೋಳೆಲ್ಲ ಕೇಳಿ "ಶಟರ್ ಎಷ್ಟಿಟ್ಟಿದ್ದೆ ಮಗಾ?" ಅಂದರು, ಅಷ್ಟೇ. ನನಗೆ ಉತ್ತರವೇ ಗೊತ್ತಿರಲಿಲ್ಲ. ಮನೆಗೆ ಬಂದು ಹಳೇ ಫೋಟೊಗಳ ವಿವರ ತೆಗೆದು ನೋಡಿದಾಗಲೇ 1/125 ಕಂಡಿದ್ದು.

ಈಗ ನಾನು ಮಾಡೋದು ಇಷ್ಟು. ಮ್ಯಾನ್ಯುಅಲ್ ಮೋಡು, ಶಟರ್ ಹಾರೋದಕ್ಕೆ 1/1600 ಅಥವಾ ಜಾಸ್ತಿ, ಸುಮ್ನೆ ಕೂತಿರೋದಕ್ಕೆ 1/500, ಅಪರ್ಚರ್ ಪೂರ್ತಿ ತೆರೆದು ಐಎಸ್‌ಓನ ಆಟೋಗೆ ಬಿಡ್ತೀನಿ. ಫೋಕಸ್ ಕಣ್ಣಿಗೆ. ಕಪ್ಪು ನೀರಿನ ಎದುರು ಪುಟ್ಟ ಬೆಳ್ಳಕ್ಕಿ ಇದ್ದರೆ ಕ್ಯಾಮೆರಾ ಕತ್ತಲೆ ಅಂದ್ಕೊಂಡು ಬಿಳೀನ ಸುಣ್ಣ ಬಳಿದ ಗೋಡೆ ಮಾಡಿಬಿಡುತ್ತೆ, ಆಗ ಎಕ್ಸ್‌ಪೋಷರ್ (ಫೋಟೊದ ಬೆಳಕು) ಸ್ವಲ್ಪ ಇಳಿಸಿ. ಟ್ರೈಪಾಡಿಗೆ ದುಡ್ಡು ಹಾಕಲೇಬೇಡಿ, ದೋಣಿ ಅಲುಗಿದರೆ ಅದೂ ಅಲುಗುತ್ತೆ.

ಲೆನ್ಸ್ ವಿಷಯ. ಬೇಡ. ಸದ್ಯಕ್ಕೆ ಬೇಡವೇ ಬೇಡ. ಒಂದು ತಿಂಗಳು ಮನೆ ಮಹಡಿ ಮೇಲೆ ಕಾಗೆ, ಪಾರಿವಾಳ ಹಾರೋದನ್ನ ತೆಗೀರಿ. ಹಕ್ಕಿ ಚಿಕ್ಕದಾಗಿ ಬರುತ್ತೆ, ಬರಲಿ, ರೆಕ್ಕೆ ತುದಿ ಚೂಪಾಗಿದೆಯಾ ಅಷ್ಟು ನೋಡಿ. ಅಷ್ಟಕ್ಕೂ ಹಕ್ಕಿ ಫೋಟೊ ಅಂದರೆ ಫ್ರೇಮ್ ತುಂಬ ಹಕ್ಕಿಯೇ ಇರಬೇಕು ಅಂತ ಯಾರು ಹೇಳಿದ್ದು? ಕೊಕ್ಕರೆ ಬೆಳ್ಳೂರು ಬೆಂಗಳೂರು–ಮೈಸೂರು ರಸ್ತೆಯಿಂದ ಒಳಗೆ, ಮದ್ದೂರು ತಾಲೂಕು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ತವೆ, ಕೆಳಗೆ ಜನ ಪಾತ್ರೆ ತೊಳೀತಿರ್ತಾರೆ. ಹೆಂಚಿನ ಮನೆ, ಹುಣಸೆ ಮರ, ಮರದ ತುಂಬ ಹಕ್ಕಿ, ಇದು 600 ಎಂಎಂ ಲೆನ್ಸಿಗೆ ಹಿಡಿಸೋದೇ ಇಲ್ಲ. ನಿಮ್ಮ 18-55ಕ್ಕೇ ಮಾಡಿಸಿದ ಹಾಗಿದೆ. ಫೆಬ್ರವರಿಯಲ್ಲಿ ಹೋಗಿ, ಬೆಳಗ್ಗೆ ಎಂಟರೊಳಗೆ. ಹಾರಲಿ ಅಂತ ಚಪ್ಪಾಳೆ ತಟ್ಟೋ ಫೋಟೊಗ್ರಾಫರ್‌ಗಳ ಥರ ಮಾತ್ರ ಆಡಬೇಡಿ, ಮೇಲೆ ಮರಿ ಇರ್ತವೆ, ಊರವರೂ ಬೈತಾರೆ, ಬೈಯಲೇಬೇಕು.

ಮತ್ತೆ ಮರದ ಕೆಳಗೆ ನಿಲ್ಲೋವಾಗ ಟೋಪಿ ಹಾಕ್ಕೊಳ್ಳಿ, ಲೆನ್ಸಿಗೆ ಹುಡ್ ಇರಲಿ. ಹೆಜ್ಜಾರ್ಲೆ ಹಿಕ್ಕೆ ಅಂದರೆ ಒಂದು ಸೌಟು ಇಡ್ಲಿ ಹಿಟ್ಟು ಅಂದ್ಕೊಳ್ಳಿ.