ಆಪ್ತ ಸಲಹೆ: ಆ ಕೋಣೆಯಿಂದ ಮಗುವನ್ನು ಹೊರಗೆ ಕಳಿಸಿ

ಕ್ಯಾಲಿಫೋರ್ನಿಯಾದ ಸ್ಯಾನ್ ಲಿಯಾಂಡ್ರೋದಿಂದ ಬಂದ ಪತ್ರ ಎರಡು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬರೆದವರು ಹಾಸನದ ಹೆಣ್ಣುಮಗಳು, ಗಂಡ ಚೀನೀ ಮೂಲದವರು. ಅತ್ತೆಗೆ 74 ವರ್ಷ. ಗಂಡನನ್ನು ಕಳೆದುಕೊಂಡ ಮೇಲೆ, ಮೊಮ್ಮಗಳನ್ನು ನೋಡಿಕೊಳ್ಳಲು ಆರು ವರ್ಷದ ಹಿಂದೆ ಚೀನಾದ ಗ್ವಾಂಗ್‌ಝೌ ಬಿಟ್ಟು ಬಂದವರು. ಮಗುವಿಗೆ ಈಗ ಹತ್ತು ತುಂಬಿದೆ, ಅಜ್ಜಿಗೆ ಕೆಲಸವಿಲ್ಲ. ರಾತ್ರಿ ನಿದ್ದೆ ಇಲ್ಲ. ತಲೆನೋವು, ಎದೆ ಮೇಲೆ ಕಲ್ಲಿಟ್ಟ ಹಾಗೆ ಭಾರ. ಹಣೆಗೆ ಘಾಟಿನ ಎಣ್ಣೆ ತಿಕ್ಕಿಕೊಂಡು ಕಿಟಕಿ ಪಕ್ಕ ಕೂತಿರುತ್ತಾರೆ. ಟೆಸ್ಟ್‌ಗಳೆಲ್ಲ ನಾರ್ಮಲ್. ಕೌನ್ಸೆಲಿಂಗ್ ಅಂದರೆ "ನನಗೇನು ಹುಚ್ಚಾ?" ಅಂತ ಎದ್ದು ಹೋಗುತ್ತಾರೆ. ಅವರನ್ನು ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ.

ಅದು ಆಮೇಲೆ. ಕೊನೆಯಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ಮಾತೊಂದಿದೆ: "ಡಾಕ್ಟರ್ ಹತ್ರ ಮಗಳೇ ಟ್ರಾನ್ಸ್‌ಲೇಟ್ ಮಾಡ್ತಾಳೆ, ತುಂಬಾ ಜಾಣೆ." "ಅಜ್ಜಿಗೆ ಬೇಜಾರಾಗುತ್ತಾ, ಕೇಳು" ಅಂದರಂತೆ ಡಾಕ್ಟರ್. ಮಗು ಅಜ್ಜಿಯ ಭಾಷೆಯಾದ ಕ್ಯಾಂಟನೀಸ್‌ನಲ್ಲಿ ಕೇಳಿತು. ಅಜ್ಜಿ ಅವಳ ಜಡೆ ಸರಿಮಾಡುತ್ತಾ "ಇಲ್ಲ, ಚೆನ್ನಾಗಿದ್ದೀನಿ" ಅಂದರು.

ಇನ್ನೇನು ಹೇಳಬೇಕಿತ್ತು? 'ಮಾಮಾ' (ಅವರ ಭಾಷೆಯಲ್ಲಿ ಅಪ್ಪನ ಅಮ್ಮ) ಅಂತ ಕರೆಯುವ ಮೊಮ್ಮಗಳ ಮುಖ ನೋಡಿಕೊಂಡು, ನನಗೆ ಸಾಕಾಗಿದೆ ಅಂತ ಯಾವ ಅಜ್ಜಿ ಹೇಳ್ತಾಳೆ? ಹೇಳಿದ್ದರೆ ಆ ಮಾತನ್ನು ಆ ಎಳೆ ಬಾಯಿ ಇಂಗ್ಲಿಷಿನಲ್ಲಿ ಹೇಳಬೇಕಿತ್ತಲ್ಲ! ನನಗೆ ಕಣ್ಣೀರು ಬಂತು.

ಆ ಡಾಕ್ಟರ್ ಮಾಡಿದ್ದು ತಪ್ಪು. ಸರ್ಕಾರದ ದುಡ್ಡು ಪಡೆಯುವ ಅಮೆರಿಕದ ಆಸ್ಪತ್ರೆ, ಕ್ಲಿನಿಕ್‌ಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ದುಭಾಷಿ ಮಾಡುವಂತಿಲ್ಲ. 2016ರ ಫೆಡರಲ್ ನಿಯಮದಲ್ಲೇ ಇದು ಇದೆ. ದುಭಾಷಿಯನ್ನು ಅವರೇ ಉಚಿತವಾಗಿ ಒದಗಿಸಬೇಕು.

ಅದಕ್ಕಿಂತ ಜಾಸ್ತಿ ಸಿಟ್ಟು ನನಗೆ ನಿಮ್ಮ ಗಂಡನ ಮೇಲೆ. ಅಮ್ಮನ ಭಾಷೆ ಬರುವ ಮಗ ಅವರು. "ಅಮ್ಮ ಗಟ್ಟಿ, ಇದಕ್ಕಿಂತ ಕಷ್ಟ ನೋಡಿದ್ದಾಳೆ" ಅಂದರಂತೆ. ನಿಜ, ನೋಡಿದ್ದಾರೆ. ಮಾವೋ ಕಾಲದಲ್ಲಿ, 1968ರಲ್ಲಿ, ಹದಿನೇಳರ ಹುಡುಗಿಯನ್ನು ಊರು ಬಿಡಿಸಿ ಹಳ್ಳಿಯ ಗದ್ದೆಗೆ ಕಳಿಸಿದರು ಅಂತ ನೀವೇ ಬರೆದಿದ್ದೀರಿ. ಕಷ್ಟ ನುಂಗಿಕೊಂಡೇ ಬೆಳೆದ ತಲೆಮಾರು ಅದು. ಅದಕ್ಕೇ ಈಗಲೂ ಬಾಯಿ ಬಿಡುತ್ತಿಲ್ಲ.

ಹಿರಿಯರ ಮೈ ಹೇಳುವುದನ್ನು ನಂಬಿ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1980ರಲ್ಲಿ ಚೀನಾದ ಹುನಾನ್‌ಗೆ ಹೋಗಿ, ನರದೌರ್ಬಲ್ಯ ಅಂತ ಕಾಯಿಲೆಯ ಹೆಸರು ಬರೆಸಿಕೊಂಡಿದ್ದ 100 ಜನರನ್ನು ಮಾತಾಡಿಸಿದರು. ಅವರಲ್ಲಿ 87 ಜನರಿಗೆ ಇದ್ದದ್ದು ಖಿನ್ನತೆ. ಹೇಳಿಕೊಂಡಿದ್ದು ಮಾತ್ರ ಹೆಚ್ಚಾಗಿ ತಲೆನೋವು, ನಿದ್ದೆ ಇಲ್ಲ ಅಂತ. ನಿಮ್ಮ ಅತ್ತೆ ಹೇಳುತ್ತಿರುವುದೂ ಅದನ್ನೇ ಅಲ್ವಾ? ಹಾಗಾಗಿ ಕೌನ್ಸೆಲಿಂಗ್ ಅನ್ನೋ ಮಾತೇ ಸದ್ಯ ಎತ್ತಬೇಡಿ. "ಅಮ್ಮಾ, ನಿದ್ದೆಗೆ ಡಾಕ್ಟರ್ ಹತ್ರ ಹೋಗೋಣ" ಅನ್ನಿ. ಬರ್ತಾರೆ.

ಮಾಡಬೇಕಾದ್ದು ಒಂದೇ. ಇವತ್ತೇ ಫೋನ್ ಮಾಡಿ, ಮುಂದಿನ ಭೇಟಿಗೆ ಕ್ಯಾಂಟನೀಸ್ ದುಭಾಷಿ ಬೇಕು ಅಂತ ಹೇಳಿ. ಸುಮ್ನೆ 'ಚೈನೀಸ್' ಅನ್ನಬೇಡಿ, ಚೀನಾದ ಇನ್ನೊಂದು ಭಾಷೆ ಮ್ಯಾಂಡರಿನ್‌ನವರನ್ನು ಕೊಟ್ಟುಬಿಡಬಹುದು. ಒದಗಿಸಲಿಲ್ಲವೋ, ಡಾಕ್ಟರನ್ನೇ ಬದಲಾಯಿಸಿ. ಓಕ್ಲ್ಯಾಂಡ್‌ನ ಚೈನಾಟೌನ್‌ನಲ್ಲಿ ಏಷ್ಯನ್ ಹೆಲ್ತ್ ಸರ್ವಿಸಸ್ ಅಂತ ಕ್ಲಿನಿಕ್ ಇದೆ, 1974ರಿಂದಲೂ ಇಂಥವರಿಗಾಗಿಯೇ ನಡೆಯುತ್ತಿದೆ. ನಿಮ್ಮೂರಿಂದ ಬಾರ್ಟ್ ರೈಲು ಹತ್ತಿ ಲೇಕ್ ಮೆರಿಟ್‌ನಲ್ಲಿ ಇಳಿದರೆ ಚೈನಾಟೌನ್ ಪಕ್ಕದಲ್ಲೇ. ಆದರೆ ಅದಕ್ಕೂ ಮೊದಲೇ "ಬದುಕಿದ್ದು ಏನು ಮಾಡಲಿ" ಅನ್ನುವ ಮಾತು ಅವರ ಬಾಯಿಂದ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಆ ಕ್ಷಣವೇ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ, ಅಲ್ಲೂ ದುಭಾಷಿಯನ್ನು ಕೇಳಿ.

ಡಾಕ್ಟರ್ ಹತ್ತಿರ ಹೋಗುವ ದಿನ ಮಗಳು ಶಾಲೆಗೆ ಹೋಗಲಿ. ನಿಮ್ಮ ಗಂಡ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ಹೋಗಲಿ. ಬಾಗಿಲ ತನಕ ಕೈ ಹಿಡಿದು ಬಿಟ್ಟು, ಒಳಗೆ ಹೋಗದೆ, ಹೊರಗಿನ ಬೆಂಚಿನ ಮೇಲೆ ಕೂತಿರಲಿ.